ನಾಲ್ಕು ಡಿಗ್ರಿ

ಕೀಲಿಕೈ ನನ್ನ ಹತ್ತಿರ ಇರತೈತಿ.
ಹಿಂದಿನ ಕೋಣಿ, ಬೂದಿ ಬಣ್ಣದ ಹಳೇ ಫ್ರಿಜ್ಜು,
ಒಳಗ ಹೊಸಕೇರಿ ಬಾಯಾರು ಹಿಮಾಲಯದಿಂದ ತಂದ
ಇಪ್ಪತ್ತಾರು ಪುಡಿಕಿ ಬೀಜ, ಹಸಿ ಉಸುಕಿನ್ಯಾಗ ಮಲಗ್ಯಾವ.
ದಿನಕ್ಕ ಮೂರು ಸಲ ಬಾಗಿಲಾ ತಗೀಬೇಕು,
ಥರ್ಮಾಮೀಟರ್ ನೋಡಬೇಕು, ರಿಜಿಸ್ಟರಿನ್ಯಾಗ ಬರೀಬೇಕು:
ನಾಲ್ಕು. ನಾಲ್ಕು. ನಾಲ್ಕೂವರಿ. ನಾಲ್ಕು.
ಪಕ್ಕದಾಗ ಸಹಿ: ರಾ. ಹ. ನದಾಫ.

ನದಾಫ ಅಂದ್ರ ಗೊತ್ತಲ್ರಿ, ಅರಳಿ ಹಿಂಜಾವ್ರು.
ನಮ್ಮಪ್ಪ ಬಿಲ್ಲು ಹೆಗಲಿಗೇರಿಸಿ
ಹೊಸಯಲ್ಲಾಪುರದಿಂದ ಕೆಲಗೇರಿತನಾ ಓಣಿ ಓಣಿ ತಿರಗಿ
ಮಂದಿಗೆ ಗಾದಿ ಹೊಲದು ಕೊಟ್ಟಾಂವ.
ಅವನ ಮಗ ನಾ, ಧಾರವಾಡದ ಏಪ್ರಿಲ್‌ನ್ಯಾಗ
ಚಳಿ ಕಾಯತೇನಿ. ಪಗಾರ ಕೊಡತಾರ.

"ಬೆಚ್ಚಗಿಟ್ರ ಲಗೂನ ಹುಟ್ಟತಾವಲ್ರಿ ಬಾಯಾರ?" ಅಂದಿದ್ದೆ ಒಮ್ಮೆ.
ಚಾದ ಕಪ್ಪು ಇಳಿಸಿ ನಕ್ಕರು.
"ರಾಜೇಸಾಬ, ಅಲ್ಲಿ ಬರ್ಫ ಕರಗಿ ಮತ್ತ ಬೀಳೂದ್ರೊಳಗ
ಎಂಟು ವಾರ. ಅಷ್ಟರಾಗ ಹೂವು, ಕಾಯಿ, ಬೀಜ, ಎಲ್ಲಾ.
ಹಿಂಗಾಗಿ ಈ ವರ್ಷದ ಮೊಗ್ಗಿ ಹೋದ ವರ್ಷನ
ಹೊಲದು ಮಡಚಿ ಇಟ್ಟಿರತೈತಿ.
ಬೀಜ ಅವಸರ ಮಾಡಿದ್ರ ಸತ್ತಂಗ.
ಬಿದ್ದ ಕೂಡಲೇ ಕಣ್ಣು ತಗದ್ರ ಎದುರಿಗೆ ಚಳಿಗಾಲ ನಿಂತಿರತೈತಿ.
ಪೂರಾ ಒಂದು ಚಳಿಗಾಲ ಮೈಮ್ಯಾಲ ಹಾದು ಹೋತು
ಅಂತ ಖಾತ್ರಿ ಆಗೂತನಾ ಅದು ಏಳೂದಿಲ್ಲ."

ಇನ್ನೂ ಹೇಳಿದ್ರು.
ಅಷ್ಟು ಎತ್ತರಕ್ಕ ಜೇನು ಅಪರೂಪ, ನೊಣಾನ ಮದವಿ ದಲಾಲಿ.
ಬಟ್ಟಲದಂಥ ಹೂವು ಬಿಸಲಿನ ಕಡೆ ಮುಖ ತಿರುವಿ
ನಡುವ ಒಂದು ಚಿಮಟಿ ಬಿಸಿ ಹಿಡಕೊಂಡು ಕೂಡತಾವಂತ;
ನೊಣ ಮೈ ಕಾಸಿಕೊಳ್ಳಾಕ ಬರತಾವ.
ಬರಲಿಲ್ಲಂದ್ರ? ತನ್ನ ಪರಾಗ ತಾನ ಹಚಗೊಂಡು ಸುಮ್ಮನಾಗತಾವ.
ಒಬ್ಬಾಕಿ ಭಾಳ ಗಟ್ಟಿಗಿತ್ತಿ, ಫೋಟೋ ತೋರಿಸಿದ್ರು:
ತೆನಿ ತುದಿಗೆ ಹೆಸರಿಗೆ ನಾಕು ಹೂವು,
ಕೆಳಗ ಸಾಲಾಗಿ ಜ್ವಾಳದ ಕಾಳಿನಂಥ ಮರಿಗಡ್ಡಿ.
ಗಂಡಿಲ್ಲ, ಲಗ್ನಿಲ್ಲ. ಅವ್ವನ ಮೈಮ್ಯಾಲಿದ್ದಾಗನ
ಎಲಿ ಬಿಟಗೊಂಡು, ಗಾಳಿ ಬಂದಾಗ ಜಿಗೀತಾವ.

ನನ್ನ ಮನಸಿಗೆ ಬಂದಾಕಿ ಹನ್ನೊಂದನೇ ಪುಡಿಕಿಯಾಕಿ.
ಮೈ ತುಂಬ ಬಿಳೀ ಅರಳಿ,
ಅಪ್ಪ ಹಿಂಜಿ ಮರತು ಹೋದ ಉಂಡಿಯಂಗ.
ರಾತ್ರಿ ಹುಳ ಬಂದು ಆ ಅರಳಿಯೊಳಗ ಮಲಗತಾವ,
ಏಳೂಮುಂದ ಮೈಗೆಲ್ಲಾ ಪರಾಗ.
ಗಾದಿ ಬಾಡಿಗಿ ಹಂಗ ಕೊಡತಾವ.

ರೋಹಿಣಿ ಮಳಿ ಮುಂದ ಒಂದು ಸಂಜಿ ಗಾಳಿ ಎದ್ದು
ಸಪ್ತಾಪುರದಾಗ ಗುಲ್‌ಮೊಹರ ತಂತಿ ಮ್ಯಾಲ ಬಿತ್ತು.
ಕರೆಂಟು ಹೋತು. ಆರು. ಎಂಟು. ಹನ್ನೊಂದು.
ಬಾಯಾರು ಕಪ್ಪತಗುಡ್ಡದಾಗ, ಫೋನು ಹತ್ತಲಿಲ್ಲ.
ಮೀನ ಮಾರ್ಕೆಟ್ಟಿಗೆ ಸೈಕಲ್ ಹೊಡದೆ. ದಾವಲ ಬಾಗಿಲಾ ಹಾಕಾಕತ್ತಿದ್ದ.
ಬಾಂಗಡೆ ವಾಸನಿ ಬರ್ಫ, ಎರಡು ಡಬ್ಬಿ.
ಮನಿಗೆ ಹೋಗಿ ಟ್ರಂಕಿನ್ಯಾಗಿಂದ
ಅಪ್ಪ ಹೊಲದ ಕಡೀ ರಜಾಯಿ ತಗದೆ.
"ಈ ಧಗಿಯೊಳಗ ಯಾರಿಗೆ ಚಳಿ ಹತ್ತೇತಿ?" ಅಂದ್ಲು ಹೇಣ್ತಿ.

ಅರಳಿ ಬಿಸಿ ಕೊಡೂದಿಲ್ಲ ಅಂತಿದ್ದ ಅಪ್ಪ,
ಒಳಗಿದ್ದದ್ದನ್ನ ಹೊರಗ ಬಿಡೂದಿಲ್ಲ, ಅಷ್ಟ.
ಬರ್ಫದ ನಡುವ ಪುಡಿಕಿ, ಸುತ್ತ ಮೂರು ಸುತ್ತು ರಜಾಯಿ,
ತೊಡಿ ಮ್ಯಾಲ ಇಟಗೊಂಡು ಬೆವರಕೋತ ಕೂತೆ.
ಐದು. ಐದು. ನಾಲ್ಕೂವರಿ.
ಗುಂಗಾಡ ಕಡದ್ರೂ ಏಳಲಿಲ್ಲ.

ತೊಂಬತ್ತೆರಡನೇ ದಿನ, ಹೊರಗ ಜಿಟಿಜಿಟಿ,
ಬಾಯಾರು ಉಸುಕು ಬಟ್ಟಲಕ್ಕ ಸುರವಿ ಕಿಡಕಿ ಹತ್ತಿರ ಇಟ್ರು.
ಇಪ್ಪತ್ತೈದು ಏನೂ ಅನ್ನಲಿಲ್ಲ.
ಹನ್ನೊಂದರಾಗ, ಒಂದು ಐತವಾರ, ನಾ ಒಬ್ಬನ ಇದ್ದಾಗ,
ಸೂಜಿ ಮನಿಯಷ್ಟು ಬಿಳೀ ಬೇರು.

ರಿಜಿಸ್ಟರಿನ್ಯಾಗ ಬರೇ ಅಂಕಿ ಬರೀಬೇಕು.
"ಎದ್ದಾಳ" ಅಂತ ಬರದೆ.
ಆಮ್ಯಾಲ ಅದನ್ನ ಹೊಡದು ಹಾಕಿ
೧ ಅಂತ ಬರದು ಸಹಿ ಮಾಡಿದೆ.

ರಜಾಯಿ ಪಡಸಾಲಿ ಹಗ್ಗದ ಮ್ಯಾಲ ಐತಿ.
ಮಳಿಗೆ ಒಣಗವಲ್ದು. ಇನ್ನೂ ಬಾಂಗಡೆ ನಾರತೈತಿ.